ಪೀರರ ಹೆಸರು ಬರೆದ ಸೀಸೆ

ವರದಿಯ ಪ್ರಕಾರ ಪೀರ್ ಬೀ ಗಂಡಸು.

ಸುಮಂಗಲಾ ಮೊಬೈಲನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು. ಎಷ್ಟು ಒರೆಸಿದರೂ ಗಂಡಸೇ. ತೊಂಬತ್ತರ ಹೊಸ್ತಿಲಲ್ಲಿರುವ ಮುದುಕಿ, ಗುಡೇಕೋಟೆಯ ಅರ್ಧ ಊರಿನ ಹೊಕ್ಕುಳಬಳ್ಳಿ ಕೊಯ್ದ ಸೂಲಗಿತ್ತಿ, ಸ್ವತಃ ನಾಲ್ಕು ಹೆತ್ತವಳು. ಅಂಥವಳನ್ನು ಕಡಲಾಚೆಯ ಪ್ರಯೋಗಾಲಯವೊಂದು ಒಂದು ಗೆರೆಯಲ್ಲಿ ಗಂಡಸು ಮಾಡಿ ಕೈತೊಳೆದುಕೊಂಡಿತ್ತು.

ಹರಪನಹಳ್ಳಿಯ ಆ ಮಾಳಿಗೆ ಕೋಣೆಯ ಕೆಳಗೆ ಮೆಕ್ಕೆಜೋಳದ ದಲಾಲಿ ಅಂಗಡಿ. ಬೀದಿಯುದ್ದಕ್ಕೂ ಕಾಳು ಹರವಿದ್ದರು. ಹೊಟ್ಟು ಗಾಳಿಗೆದ್ದು ಕಿಟಕಿಯಿಂದ ಒಳಬಂದು ಮೇಜು, ಕುರ್ಚಿ, ಅವಳ ಚಹಾದ ಲೋಟದ ಅಂಚಿನ ಮೇಲೆಲ್ಲ ಕೂತಿತ್ತು. ಬಿಸಿಲು ಅದರ ಮೇಲೆ ಬಿದ್ದು ಇಡೀ ಕೋಣೆ ತೂಕಡಿಸುವ ಹಾಗಿತ್ತು. ಪೊಲೀಸ್ ಕೆಲಸ ಬಿಟ್ಟು ಬಂದ ಸುಮಂಗಲಾ ಇಲ್ಲಿ ಕೂತು ಮದುವೆ ಗಂಡುಗಳ ಬಂಡವಾಳ ಬಯಲು ಮಾಡುತ್ತಿದ್ದಳು. ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ, ಮೊದಲನೆಯವಳು ಎಲ್ಲಾದರೂ ಇದ್ದಾಳೋ. ಅನ್ನಕ್ಕೆ ಮೋಸವಿಲ್ಲದ ಕಸುಬು. ಅಂಥವಳ ಕೊರಳಿಗೆ ಈ ಐರ್ಲೆಂಡಿನ ಪ್ರಕರಣ ಬಂದು ಬಿದ್ದಿತ್ತು.

ನೋರಾ ಹೋನನ್ ಎಂಬ ಹೆಂಗಸು ಐರ್ಲೆಂಡಿನಿಂದ ಕೇಳಿದ್ದು ಇಷ್ಟೇ: ತನ್ನ ಅಜ್ಜನ ಅಣ್ಣ ಮಾರ್ಟಿನ್ ಹೋನನ್ ಬ್ರಿಟಿಷರ ಕಾಲದಲ್ಲಿ ಕೊಳವೆಬಾವಿ ಕೊರೆಯುವ ಯಂತ್ರ ತಗೊಂಡು ಕೂಡ್ಲಿಗಿ ಸೀಮೆಗೆ ಬಂದು ಅಲ್ಲೇ ಕಾಣೆಯಾದ, ಅವನ ರಕ್ತ ಅಲ್ಲಿ ಉಳಿದಿದೆಯೇ? ಗುಡೇಕೋಟೆಯಲ್ಲಿ ಯಾರನ್ನು ಕೇಳಿದರೂ ಬೆಕ್ಕಿನ ಕಣ್ಣಿನ ಪೀರ್ ಬೀಯತ್ತಲೇ ಬೊಟ್ಟು ಮಾಡಿದರು. ಅವಳಿಗೆ ಹುಟ್ಟಿನಿಂದ ಇದ್ದ ಅಡ್ಡಹೆಸರೇ ‘ದೊರೆ ಕೂಸು’, ಬಿಳಿ ದೊರೆಗೆ ಹುಟ್ಟಿದವಳು. ನೋರಾ ಕಳಿಸಿದ ಸೀಸೆಯಲ್ಲಿ ಅವಳ ಜೊಲ್ಲು ಹಿಡಿದು ಕಳಿಸಿದ್ದಾಗಿತ್ತು. ಈಗ ಬಂದ ವರದಿ ನೋರಾಳ ರಕ್ತಸಂಬಂಧವನ್ನು ಒಪ್ಪಿತ್ತು. ಐರ್ಲೆಂಡಿನ ರಕ್ತ, ಅದರಲ್ಲೂ ಪಡುವಣ ಕಡಲ ದಂಡೆಯ ಕ್ಲೇರ್ ಸೀಮೆಯದು ಎಂದು ಹೇಳಿತ್ತು. ಎಲ್ಲ ಸರಿ, ಆ ಒಂದು ಗೆರೆ ಬಿಟ್ಟು.

ಬೆಳಿಗ್ಗೆಯಷ್ಟೇ ನೋರಾ ವಿಡಿಯೋದಲ್ಲಿ ಬಂದಿದ್ದಳು. ಅವಳ ಹಿಂದೆ ಮಂಜು, ಮಂಜಿನ ಹಿಂದೆ ಎಲ್ಲೋ ಕಡಲು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಹೊಲದ ಗೋಡೆಗಳು, ಗುಡೇಕೋಟೆಯ ಒಡ್ಡಿನ ಹಾಗೆಯೇ. ಸುಮಂಗಲಾ ಕಡಲನ್ನು ಕಂಡವಳಲ್ಲ. ಆ ಬೂದು ಬೆಳಕನ್ನು ನೋಡುತ್ತಿದ್ದರೆ ಅವಳಿಗೆ ತಾನು ಕೂತ ಕುರ್ಚಿಯೇ ಮೆಲ್ಲಗೆ ತೇಲಿದಂತಾಗುತ್ತಿತ್ತು.

ಗಂಡಸು ಎಂದು ಬಂದಿದ್ದು ಗುಮಾಸ್ತರ ತಪ್ಪಿರಬೇಕು ಎಂದು ನೋರಾ ನಕ್ಕುಬಿಟ್ಟಳು. ಮುಂದಿನ ವಾರಕ್ಕೆ ವಿಮಾನದ ಟಿಕೆಟ್ ತೆಗೆಸಿದ್ದಾಳಂತೆ. ಮಾರ್ಟಿನ್ ಹೋನನ್ ಮಗಳು ತನಗೇನಾಗಬೇಕು ಎಂದು ಕೇಳಿ ತಿಳಿದುಕೊಂಡು ಒಂದು ಕನ್ನಡ ಪದ ಕಲಿತಿದ್ದಾಳಂತೆ. ಹೇಳಿ ತೋರಿಸಿದಳು. “ಅತ್ತೆ.” ಒತ್ತಕ್ಷರದಲ್ಲಿ ಸ್ವಲ್ಪ ಎಡವಿದಳು, ಆದರೂ ಕೇಳಿದವರ ಎದೆ ತುಂಬಬೇಕು, ಹಾಗೆ ಹೇಳಿದಳು. ಅವಳ ಅಜ್ಜ ಸಾಯುವ ತನಕ ಅಣ್ಣನ ದಾರಿ ನೋಡಿದ್ದನಂತೆ.

ಸುಮಂಗಲಾಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ಅತ್ತೆ ಸುಳ್ಳಾದರೆ? ಅಷ್ಟು ದೂರದಿಂದ ಬಂದವಳಿಗೆ ಏನು ಹೇಳುವುದು? ಅದಕ್ಕಿಂತ ಹೆಚ್ಚಾಗಿ, ಜೀವನವೆಲ್ಲ ‘ದೊರೆ ಕೂಸು’ ಎಂದು ಕರೆಸಿಕೊಂಡು ಹಣ್ಣಾದ ಮುದುಕಿಗೆ, ನಿನಗೆ ಆ ಅಪ್ಪನೂ ಇಲ್ಲ ಎಂದು ಯಾವ ಬಾಯಲ್ಲಿ ಹೇಳುವುದು?

ಅವಳು ಗುಡೇಕೋಟೆಗೆಂದು ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ನಡೆದಳು.

ಕೊಟ್ಟೂರಿನಲ್ಲಿ ಬಸ್ಸು ನಿಂತಾಗ ತಮ್ಮ ಕ್ರಾಂತಿಕುಮಾರ್ ಮಂಡಕ್ಕಿ ಪೊಟ್ಟಣ ಹಿಡಿದು ಕಾಯುತ್ತಿದ್ದ. ಅಲ್ಲಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಮಕ್ಕಳಿಗೆ ಹೇಳಿ ಮುಗಿಯದ್ದನ್ನು ಅಕ್ಕನಿಗೆ ಹೇಳುವ ಚಟ. ಚಾಲಕ ಚಹಾಕ್ಕೆ ಇಳಿದಿದ್ದ. ಇಬ್ಬರೂ ಬೇವಿನ ನೆರಳಿನ ಕಟ್ಟೆಯ ಮೇಲೆ ಕೂತರು.

“ಐರ್ಲೆಂಡ್ ಅಂದ್ರ ಒಪ್ಪಿದೆ. ಅದರಾಗ ಇದೇ ದಂಡಿ, ಇದೇ ಸೀಮಿ ಅಂತ ಜೊಲ್ಲು ನೋಡಿ ಹ್ಯಾಂಗ ಹೇಳ್ತಾರೋ?”

“ನೀನು ಮಾತು ಕೇಳಿ ಇವ ತೆಲಿಗಿಯಾವ, ಇವ ಹಡಗಲಿಯಾವ ಅಂತ ಹೇಳಂಗಿಲ್ಲೇನು?”

“ಹೇಳ್ತೀನಿ.”

“ರಕ್ತಕ್ಕೂ ಒಂದು ಸೀಮಿ ಮಾತು ಇರ್ತೈತಿ ಅಕ್ಕ. ಒಂದೇ ಸುತ್ತಿನಾಗ ಹೆಣ್ಣು ಕೊಟ್ಟು ತಂದು ತಲಿತಲಾಂತರ ಇದ್ದವರಿಗೆ ಕೆಲವು ತುಂಡು ಒಂದೇ ತರ ಉಳಕೊಂತಾವ. ಅಜ್ಜ ಮುತ್ತಜ್ಜ ಎಲ್ಲಾ ಅಲ್ಲೇ ಹುಟ್ಟಿದವರ ಡಿ.ಎನ್.ಎ. ಮೊದಲ ತಗೊಂಡು ಇಟ್ಟಿರ್ತಾರ. ಅದರ ಮಗ್ಗಲಕ್ಕ ಇದನ್ನ ಇಟ್ಟು ನೋಡ್ತಾರ. ಅಷ್ಟ.”

“ಹಂಗಾರ ಸೀಮಿ ತಪ್ಪಲ್ಲ.”

“ಸೀಮಿ ತಪ್ಪಲ್ಲ, ಗಂಡಸು ಅನ್ನೋದೂ ತಪ್ಪಲ್ಲ. ಅದನ್ನ ಯಂತ್ರ ಹೇಳೋದು, ಗುಮಾಸ್ತ ಅಲ್ಲ. ಇಲ್ಲಿ ನೋಡು.” ಕ್ರಾಂತಿಕುಮಾರ್ ಮೊಬೈಲಿನ ಮೇಲೆ ಬೆರಳಿಟ್ಟ. “ಐರ್ಲೆಂಡಿಂದು ಕಾಲು ಭಾಗ ಐತಿ. ಪೀರ್ ಬೀ ಆ ದೊರಿ ಮಗಳಾಗಿದ್ರ ಅರ್ಧ ಇರಬೇಕಿತ್ತು. ಕಾಲು ಅಂದ್ರ ಮೊಮ್ಮಗ.”

ಸುಮಂಗಲಾ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುವುದನ್ನು ಮರೆತಳು. “ಅಂದ್ರ ಆಕಿ ಮಗ, ಕಮಾಲಕಾಕಾ.”

“ಕಮಾಲಕಾಕಾ ಉಗುಳಿದ್ರ ಎಲ್ಲಾ ಸರಿ ಕೂಡ್ತು. ಅವರವ್ವ ಅರ್ಧ, ಕಾಕಾ ಕಾಲು.”

“ಅಂದ್ರ ಪೀರ್ ಬೀ ದೊರಿ ಮಗಳೇ.”

“ಹೌದಲ್ಲ.” ಅವನು ನಕ್ಕ. “ಆದ್ರ ಅಕ್ಕ, ಆ ಸೀಸಿ ನಿನ್ನ ಕಣ್ಣೆದುರಿಗೆ ತುಂಬಿದ್ದು ಅಂತ ನೀನ ಅಂದಿದ್ದಿಯಲ್ಲ?”

ಅದೊಂದು ಮಾತು ಅವಳಿಗೆ ಚುಚ್ಚಿತು. ಅಲ್ಲೇ ಅವಳ ಹುಳುಕಿತ್ತು. ಠಾಣೆಯಲ್ಲಿ ಜಪ್ತಿ ಮಾಡಿದ ಮುದ್ದೆಮಾಲಿಗೆ ಹೆಸರು ಬರೆದು ಚೀಟಿ ಅಂಟಿಸಿ ಅಂಟಿಸಿ ಕೈಗೆ ಹತ್ತಿದ ರೂಢಿ. ಸೀಸೆಯ ಮೇಲೆ ಬರೀ ಸಂಖ್ಯೆ ಇತ್ತು, ಅಷ್ಟೇ ಸಾಕೂ ಆಗಿತ್ತು. ಇವಳು ಮಾತ್ರ ಬಿಳಿ ಚೀಟಿ ಅಂಟಿಸಿ ಗುಂಡಗಿನ ಅಕ್ಷರದಲ್ಲಿ ‘ಪೀರ್ ಬೀ’ ಎಂದು ಬರೆದು ಮುದುಕಿಯ ಕೈಗೆ ಕೊಟ್ಟಿದ್ದಳು. ಅಷ್ಟರಲ್ಲಿ ನೋರಾಳ ಕರೆ ಬಂದು, ಅಂಗಳದಲ್ಲಿ ಸಿಗ್ನಲ್ ಸಿಗದೆ, ಹಿಂದಿನ ಬಂಡೆ ಹತ್ತಿದ್ದಳು. ಇಳಿದು ಬರುವಷ್ಟರಲ್ಲಿ ಸೀಸೆ ತುಂಬಿತ್ತು. ತನ್ನ ಸಮಕ್ಷಮ ಎಂದು ಸಹಿ ಹಾಕಿ ಮುಚ್ಚಿಬಿಟ್ಟಳು. ಬೇರೆಯವರ ಸುಳ್ಳು ಪಂಚನಾಮೆಗಳನ್ನು ಮೂಗು ಮುರಿದು ಓದುತ್ತಿದ್ದವಳ ಪಂಚನಾಮೆ ಇದು.

ಕೂಡ್ಲಿಗಿ ದಾಟಿ ಗುಡೇಕೋಟೆಯ ಕಡೆಗೆ ಹೊರಳಿದ ಬಸ್ಸಿನಲ್ಲಿ ಏಳೆಂಟು ಜನರೂ ಇರಲಿಲ್ಲ. ಕಿಟಕಿಯ ಗಾಳಿಗೆ ಅವಳ ಕಣ್ಣು ಎಳೆಯುತ್ತಿತ್ತು. ಕುರುಚಲು ಗುಡ್ಡಗಳು ಒಂದರ ಹಿಂದೆ ಒಂದು ತಿಳಿನೀಲಿಯಾಗಿ ಕರಗುತ್ತಿದ್ದವು. ಅರೆಗಣ್ಣಿನಲ್ಲಿ ಅವು ಗುಡ್ಡಗಳಲ್ಲ, ನೋರಾಳ ಕಡಲು. ಬಂಡೆಗಳ ನಡುವೆ ಅಲೆ ಏರಿ ಇಳಿಯುತ್ತಿತ್ತು, ಕುರಿಗಳು ಅದರ ಮೇಲೆ ಮೇಯುತ್ತಿದ್ದವು.

ಆ ಕಡಲ ದಂಡೆಯಲ್ಲಿ ಅವಳ ಅಜ್ಜಿ ಬಸಲಿಂಗಮ್ಮ ಕೂತಿದ್ದಳು. ಸತ್ತು ಎಷ್ಟೋ ವರ್ಷವಾದ ಅಜ್ಜಿ. ಹರಳೆಣ್ಣೆಯಲ್ಲಿ ದೀಪದ ಮಸಿ ಕಲಸಿ ತಲೆಗೆ ತಿಕ್ಕಿಕೊಳ್ಳುತ್ತಿದ್ದಳು, ಬದುಕಿದ್ದಾಗ ಕತ್ತಲ ಕೋಣೆಯಲ್ಲಿ ಕೂತು ದಿನಾ ಮಾಡುತ್ತಿದ್ದ ಹಾಗೆಯೇ. “ಬಿಸಿಲಾಗ ತಲಿ ಬಿಚ್ಚಬಾರದವ್ವ” ಎಂದಳು. ಯಾಕಜ್ಜಿ ಎಂದು ಕೇಳುವಷ್ಟರಲ್ಲಿ ಬಸ್ಸು ಗುಂಡಿಗೆ ಇಳಿದು ಎದ್ದಿತು. ಸುಮಂಗಲಾಳ ಹಣೆ ಕಿಟಕಿಯ ಸರಳಿಗೆ ಬಡಿಯಿತು. ಕಡಲಿಲ್ಲ, ಅಜ್ಜಿಯಿಲ್ಲ. ಗುಡೇಕೋಟೆ ಬಂದಿತ್ತು.

ಕಮಾಲಸಾಬನ ಮನೆಯ ಮುಂದೆ ಪಂಪ್‌ಸೆಟ್ ಮೋಟಾರುಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಅರವತ್ತೈದು ದಾಟಿದ ಕಮಾಲಸಾಬ ತಗಡಿನ ಚಪ್ಪರದ ಕೆಳಗೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಎದುರಿನ ಹುಣಸೆಯ ನೆರಳು ಅಂಗಳದ ಅರ್ಧ ತುಂಬಿತ್ತು. ಎಲ್ಲೋ ಗುಡ್ಡದಲ್ಲಿ ಕವುಜುಗ ಹಕ್ಕಿ ಕೂಗುತ್ತಿತ್ತು, ಅದು ನಿಂತರೆ ತಂತಿ ಸುತ್ತುವ ಸಪ್ಪಳ ಒಂದೇ.

“ಬಾರವ್ವ ಸುಮಂಗಲಾ. ಅಪ್ಪ ಬರಲಿಲ್ಲೇನು?”

“ಇಲ್ಲ ಕಾಕಾ, ನಾನೊಬ್ಬಾಕಿನ ಬಂದೆ. ನಿಮ್ಮನ್ನ ಒಂದು ಮಾತು ಕೇಳಾಕ.”

ಹೌದು, ಉಗುಳಿದವನು ನಾನೇ ಎಂದು ಇವನು ಅಂದರೆ ಸಾಕು. ನೋರಾಳಿಗೆ ಅತ್ತೆ ಉಳಿಯುತ್ತಾಳೆ, ಪೀರ್ ಬೀಗೆ ಅಪ್ಪ ಉಳಿಯುತ್ತಾನೆ, ತಾನು ಸಂಜೆಯ ಬಸ್ಸಿಗೆ ವಾಪಸ್ಸು. ಇಷ್ಟು ವರ್ಷ ಎದುರಿಗಿದ್ದವರು ತಪ್ಪು ಒಪ್ಪಲಿ ಎಂದು ಬೈದು ಬೆದರಿಸಿದ್ದಳು. ಒಬ್ಬ ಮನುಷ್ಯ ತಪ್ಪು ಒಪ್ಪಿಕೊಳ್ಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದು ಇದೇ ಮೊದಲು.

“ಆವತ್ತು ಆ ಸೀಸಿಯೊಳಗ ಉಗುಳಿದ್ದು ಅಜ್ಜಿ ಅಲ್ಲ. ಗೊತ್ತಾಗೇತಿ. ಬೈಯಂಗಿಲ್ಲ, ಏನಿಲ್ಲ. ನೀವ ಹೌದಲ್ರಿ?”

ಕಮಾಲಸಾಬನ ಕೈ ನಿಂತಿತು. ಆಮೇಲೆ ಅವನು ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಎಳೆದು, ಹಿಂದಿನ ಬೋಳು ವಸಡು ತೋರಿಸಿದ.

“ಆವತ್ತು ಮುಂಜಾನಿ ಕೂಡ್ಲಿಗಿಯಾಗ ಈ ಹಲ್ಲು ಕೀಳಿಸಿಕೊಂಡು ಬಂದಿದ್ದೆ. ಬಾಯಾಗ ಹತ್ತಿ ಅರಳಿ ತುರುಕಿದ್ರು. ನಾ ಉಗುಳಿದ್ರ ಸೀಸಿ ತುಂಬ ರಕ್ತ ಬರ್ತಿತ್ತವ್ವ.”

ಅವಳಿಗೆ ನೆನಪಾಯಿತು. ಆ ದಿನ ಕಮಾಲಸಾಬನ ಕೆನ್ನೆ ಊದಿತ್ತು. ಮಾತಿನ ಮಲ್ಲ ಒಂದು ಮಾತೂ ಆಡದೆ ಕೈಸನ್ನೆಯಲ್ಲೇ ಚಹಾ ಕೊಡಿಸಿದ್ದ.

“ಹಂಗಾರ ಫಿರೋಜ್?” ಕಾಲು ಭಾಗದ ಲೆಕ್ಕ ಅವನಿಗೆ ಕೂಡುವುದಿಲ್ಲ ಎಂದು ಗೊತ್ತಿದ್ದೂ ಕೇಳಿದಳು.

“ನನ್ನ ಮಗನ ಬಾಯಾಗ ಗುಟ್ಕಾ ಇಲ್ಲದ ಹೊತ್ತು ನೀ ನೋಡೀಯೇನು? ಅಮ್ಮನ ಬಾಯಾಗ ಎಲಿ ಅಡಕಿ. ನನ್ನ ಬಾಯಾಗ ಅರಳಿ. ಆ ಅಂಗಳದಾಗ ಬಾಯಿ ಸ್ವಚ್ಛ ಇದ್ದಾವ ಒಬ್ಬನ ಇದ್ದ.”

“ಯಾರು?”

ಕಮಾಲಸಾಬ ಅವಳನ್ನು ವಿಚಿತ್ರವಾಗಿ ನೋಡಿದ. “ನಿಮ್ಮಪ್ಪ, ಉಚ್ಚಂಗೆಪ್ಪ. ದೀಕ್ಷಾ ತಗೊಂಡಮ್ಯಾಲ ಬೀಡಿ, ಎಲಿ, ಸುಣ್ಣ ಎಲ್ಲಾ ಬಿಟ್ಟಾನಲ್ಲ. ಅಮ್ಮ ಕರದ್ಲು, ಅವ ಉಗುಳಿದ. ನಿನಗ ಅವ ಹೇಳಿಲ್ಲೇನು?”

ಸುಮಂಗಲಾ ಚಪ್ಪರದ ಕಂಬ ಹಿಡಿದುಕೊಂಡಳು. ಕೆಇಬಿಯಲ್ಲಿ ಲೈನ್‌ಮನ್ ಆಗಿ ದುಡಿದು ನಿವೃತ್ತನಾದ ಅವಳ ಅಪ್ಪ ಆ ದಿನ ಅವಳ ಜೊತೆಗೆ ಬಂದಿದ್ದು ಹೌದು. ಪೀರ್ ಬೀ ಅವನ ತಾಯಿಯ ಗೆಳತಿ, ಅವನಿಗೆ ಚಿಗವ್ವ. ಚಿಗವ್ವನ್ನ ನೋಡಿ ಬಹಳ ದಿನ ಆತು ಎಂದು ತಾನಾಗಿಯೇ ಹೊರಟಿದ್ದ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದ. ನಿದ್ದೆ ಎಂದುಕೊಂಡಿದ್ದಳು.

ಕಾಲು ಭಾಗ. ಅಪ್ಪನಿಗೆ ಕಾಲು ಭಾಗ ಎಂದರೆ ಅವನನ್ನು ಹೆತ್ತವರಲ್ಲಿ ಒಬ್ಬರಿಗೆ ಅರ್ಧ. ಅಪ್ಪನ ಅಪ್ಪ ತೆಲಿಗಿಯವನು, ಅವನ ಊರಿನ ಹತ್ತಿರ ಆ ಯಂತ್ರ ಸುಳಿದಿಲ್ಲ. ಗುಡೇಕೋಟೆಯ ಕೇರಿಯಲ್ಲಿ ಹುಟ್ಟಿ ಬೆಳೆದವಳು ಅಜ್ಜಿ. ಕತ್ತಲ ಕೋಣೆಯಲ್ಲಿ ಕೂತು ಕೂದಲಿಗೆ ಮಸಿ ತಿಕ್ಕಿಕೊಳ್ಳುತ್ತಿದ್ದ ಬಸಲಿಂಗಮ್ಮ. ಸಾಯುವ ವರ್ಷ ಹಾಸಿಗೆ ಹಿಡಿದಾಗ ಮಸಿ ಹಚ್ಚುವವರಿಲ್ಲದೆ ಅವಳ ಕತ್ತಿನ ಹಿಂದಿನ ಕೂದಲು ಕೆಂಚಗೆ ಮಿಂಚುತ್ತಿತ್ತು. ಎಣ್ಣೆ ಕಾಣದ ತಲೆ ಹಾಗೇ ಎಂದು ಮನೆಯವರೆಲ್ಲ ಅಂದುಕೊಂಡಿದ್ದರು.

ಇಷ್ಟು ದಿನ ಕಡಲಾಚೆಯ ಒಬ್ಬಳಿಗಾಗಿ ಊರೂರು ಅಲೆದು ಹುಡುಕಿದ ವಂಶ ಅವಳದ್ದೇ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದು. ನಗಬೇಕು ಅನ್ನಿಸಿತು, ಭಯವೂ ಆಯಿತು. ಕಾಲ ಕೆಳಗಿನ ನೆಲ ಬಸ್ಸಿನಲ್ಲಿ ಕಂಡ ಅಲೆಯ ಹಾಗೆ ಒಮ್ಮೆ ಏರಿ ಇಳಿಯಿತು.

“ಅಜ್ಜಿ ಎಲ್ಲಿ?”

“ಒಳಗ ಅದಾಳ. ನೀ ಯಾಕವ್ವ ಹಿಂಗ ಬೆವತಿ?”

ಒಳಗೆ ತಣ್ಣಗಿತ್ತು. ಹೆಂಚಿನ ನಡುವಿನ ಗಾಜಿನಿಂದ ಒಂದು ಕೋಲು ಬೆಳಕು ಇಳಿದು ಪೀರ್ ಬೀಯ ಮಡಿಲಿನ ಮೇಲೆ ಬಿದ್ದಿತ್ತು. ಮಡಿಲಲ್ಲಿ ಸೀತಾಫಲ. ಮುದುಕಿ ಕಣ್ಣು ಮುಚ್ಚಿಕೊಂಡೇ ಹಣ್ಣುಗಳನ್ನು ಒತ್ತಿ ಒತ್ತಿ, ಕಳಿತದ್ದು ಒಂದು ಕಡೆ, ಕಾಯಿ ಒಂದು ಕಡೆ ಇಡುತ್ತಿದ್ದಳು.

“ಕುಂದರು ಬೇಟಿ. ಹೊರಗ ಮಾತಾಡಿದ್ದು ಕೇಳಿಸ್ತು.”

“ಯಾಕ ಹಿಂಗ ಮಾಡಿದೆ ಅಜ್ಜಿ?”

“ನೀನು ಸೀಸಿ ಮ್ಯಾಲ ನನ್ನ ಹೆಸರು ಬರದಿದ್ದಿ. ನಮ್ಮ ಅಮ್ಮಾ ಪೀರರಿಗೆ ಹರಕಿ ಹೊತ್ತು ಹೆತ್ತ ಕೂಸು ನಾನು. ಮೊಹರಮ್ಮಿಗೆ ಅಲಾಯಿ ದೇವರು ಕೂಡಿಸಿದಾಗ ಅವರ ಮುಂದ ಇಟ್ಟ ಹೆಸರದು. ಪೀರರ ಹೆಸರು ಬರದದ್ದರಾಗ ಉಗುಳಾಕ ನನಗೇನು ಬುದ್ಧಿ ಕೆಟ್ಟೈತೇನು? ತೌಬಾ.”

ಸುಮಂಗಲಾಳಿಗೆ ನಾಚಿಕೆಯಾಯಿತು. ಈ ಸೀಮೆಯಲ್ಲಿ ಕಣ್ಣು ಬಿಟ್ಟವಳು ತಾನು, ಇಷ್ಟು ಹೊಳೆಯಲಿಲ್ಲವಲ್ಲ. ಪೀರಲ ಹಬ್ಬದಲ್ಲಿ ಅಪ್ಪನೇ ಹೆಗಲ ಮೇಲೆ ಕೂಡಿಸಿಕೊಂಡು ಕರೆತಂದು ಪೀರರ ಮುಂದೆ ಸಕ್ಕರೆ ಓದಿಸುತ್ತಿದ್ದ. ಕೇರಿಯವರು, ಓಣಿಯವರು, ಎಲ್ಲರೂ ಆ ಹೆಸರಿಗೆ ಕೈ ಮುಗಿದವರೇ. ಐರ್ಲೆಂಡಿನವರಿಗೆ ತಿಳಿಯದಿದ್ದರೆ ಸರಿ, ಇವಳಿಗೆ?

ಆದರೆ ಪೊಲೀಸ್ ಬುದ್ಧಿ ನಾಚಿಕೆಯ ಹಿಂದೆಯೇ ತಲೆಯೆತ್ತಿತು.

“ತಪ್ಪು ನಂದ ಅಜ್ಜಿ. ಆದ್ರ ಚೀಟಿ ಕಿತ್ತು ಒಗಿ ಅಂದಿದ್ರ ಕಿತ್ತು ಒಗೀತಿದ್ದೆ. ನೀನು ಅನ್ನಲಿಲ್ಲ. ನಾ ಹಿಂದಿನ ಬಂಡಿಗಲ್ಲು ಹತ್ತೂತನ ಕಾದು, ನಮ್ಮಪ್ಪನ್ನ ಕರದಿ.”

ಹಣ್ಣು ಒತ್ತುತ್ತಿದ್ದ ಬೆರಳು ನಿಂತವು. ಪೀರ್ ಬೀ ಕಣ್ಣು ತೆರೆದಳು. ಬೆಳಕಿನ ಕೋಲಿನಲ್ಲಿ ಆ ಕಣ್ಣು ಹಸಿರೋ ಬೂದಿಯೋ ಹೇಳಲಾಗದ ಬಣ್ಣ. ಇದನ್ನು ಫೋಟೋದಲ್ಲಿ ನೋಡಿಯೇ ನೋರಾ, ನಮ್ಮಜ್ಜನ ಕಣ್ಣು ಎಂದು ಅತ್ತಿದ್ದಳು.

“ಈ ಕಣ್ಣು ನಮ್ಮ ಅಬ್ಬಾಂದು” ಎಂದಳು ಪೀರ್ ಬೀ. “ಅಬ್ಬಾ ಆ ಯಂತ್ರಕ್ಕ ಎಣ್ಣಿ ಹಾಕ್ತಿದ್ದ. ನಾ ಹೊಟ್ಟಿಯಾಗ ಇದ್ದಾಗ ಜ್ವರ ಬಂದು ತೀರಿಕೊಂಡ. ಅವನ ಕಣ್ಣು ನೋಡಿದವರು ಈಗ ಒಬ್ಬರೂ ಇಲ್ಲ.”

“ನಿನಗ ಗೊತ್ತಿತ್ತು. ನೀನು ದೊರಿ ಮಗಳಲ್ಲ ಅಂತ.”

“ಹುಟ್ಟಾ ಗೊತ್ತೈತಿ.”

“ಮತ್ತ ಇಷ್ಟು ವರ್ಷ ಯಾಕ ಅನ್ನಿಸಿಕೊಂಡಿ?”

“ದೊರಿಗೆ ಇಲ್ಲೇ ಒಂದು ಕೂಸು ಹುಟ್ಟೇತಿ ಅಂತ ಸುದ್ದಿ ಎದ್ದಿತ್ತು, ಊರಿಗೆ ಒಂದು ದೊರಿ ಕೂಸು ಬೇಕಾಗಿತ್ತು ಬೇಟಿ. ನನ್ನ ಕಣ್ಣು ನೋಡಿ ನನ್ನ ಕಡೆ ಕೈ ಮಾಡಿದ್ರು. ನಮ್ಮ ಅಮ್ಮಾ ಅಲ್ಲ ಅನ್ನಲಿಲ್ಲ. ಅಲ್ಲ ಅಂದಿದ್ರ ಇನ್ನೊಂದು ಮನಿ ಹುಡುಕ್ತಿದ್ರು. ನಮ್ಮ ಓಣಿಯಾಗ ನಾಕು ದಿನ ಆಡಿಕೊಂಡು ಬಿಟ್ರು. ಕೇರಿಯೊಳಗ ಚೌಡಕ್ಕನ ಮ್ಯಾಲ ಆ ಮಾತು ಬಂದಿದ್ರ ಆಕಿನ್ನ ಉಳಿಸ್ತಿರಲಿಲ್ಲ.”

ಚೌಡಕ್ಕ ಎಂದರೆ ಬಸಲಿಂಗಮ್ಮನ ತಾಯಿ, ಸುಮಂಗಲಾಳ ಮುತ್ತಜ್ಜಿ. ಬಾವಿ ಕೊರೆಯುವಲ್ಲಿ ಮಣ್ಣು ಹೊರುವ ಕೆಲಸಕ್ಕೆ ಹೋಗುತ್ತಿದ್ದವಳು. ಸುಮಂಗಲಾ ಅವಳನ್ನು ಹೆಸರಿನಲ್ಲಷ್ಟೇ ಬಲ್ಲಳು.

ಇಡೀ ಜನ್ಮ ಒಬ್ಬ ಹೆಂಗಸು ತನ್ನದಲ್ಲದ ಮಾತನ್ನು ತಲೆಯ ಮೇಲೆ ಹೊತ್ತು ತಿರುಗಿದ್ದಳು, ಗೆಳತಿಯ ತಲೆ ತಗ್ಗದಿರಲಿ ಎಂದು. ಅದನ್ನು ಹೊಗಳಿಕೊಂಡವಳೂ ಅಲ್ಲ, ಅತ್ತವಳೂ ಅಲ್ಲ. ಸುಮಂಗಲಾ ಮುಂದೆ ಸರಿದು ಆ ಒಣಗಿದ ಕೈಯನ್ನು ಹಿಡಿದುಕೊಂಡಳು. ಸೀತಾಫಲದ ಸಿಹಿ ಅಂಟು ಇಬ್ಬರ ಬೆರಳಿಗೂ ಹತ್ತಿತು.

“ಅಪ್ಪಗ ಗೊತ್ತೈತೇನು ಅಜ್ಜಿ?”

“ಅದನ್ನ ನೀ ಅವನ್ನ ಕೇಳಬೇಕು. ಸೀಸಿ ಕೊಟ್ಟೆ. 'ನಿಮ್ಮವ್ವನ ಸಲುವಾಗಿ ಉಗುಳೋ' ಅಂದೆ. ಯಾಕ ಅಂತ ಕೇಳಲಿಲ್ಲ ಅವ.”

ಹೊರಗೆ ತಂತಿ ಸುತ್ತುವ ಸಪ್ಪಳ ಮತ್ತೆ ಶುರುವಾಗಿತ್ತು. ಸುಮಂಗಲಾ ಕಣ್ಣೊರೆಸಿಕೊಂಡಳು. ಈಗ ಎಲ್ಲ ಸುಲಭ ಎಂದು ಅವಳಿಗನ್ನಿಸಿತು. ಆಡಿಕೊಳ್ಳುವ ಕಾಲ ಹೋಯಿತು. ಚೌಡಕ್ಕನೂ ಇಲ್ಲ, ಬಸಲಿಂಗಮ್ಮನೂ ಇಲ್ಲ. ನೋರಾಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದರಾಯಿತು. ಅತ್ತೆ ಸಿಗಲಿಲ್ಲ, ಸೋದರ ಬಳಗ ಸಿಕ್ಕಿತು. ಅಪ್ಪ ಹರಪನಹಳ್ಳಿಯ ಮನೆಯಲ್ಲಿ ಆ ಬಿಳಿಯ ಹೆಂಗಸನ್ನು ಎದುರು ಕೂಡಿಸಿಕೊಂಡು ಮಂಡಕ್ಕಿ ತಿನ್ನಿಸುವುದು ಕಣ್ಣಿಗೆ ಕಟ್ಟಿತು. ಆ ಚಿತ್ರ ಅವಳಿಗೆ ಬಹಳ ಇಷ್ಟವಾಯಿತು.

“ನೋರಾ ಮುಂದಿನ ವಾರ ಬರ್ತಾಳ. ನಾನು ಆಕಿಗೆ ಖರೇ ಹೇಳಿಬಿಡ್ತೀನಿ. ಇನ್ನ ನೀನು ಹೊರೋದು ಬ್ಯಾಡ.”

ಪೀರ್ ಬೀ ಕೈ ಬಿಡಿಸಿಕೊಂಡಳು.

“ಹೇಳಬ್ಯಾಡ.”

“ಯಾಕಜ್ಜಿ?”

“ಖರೇ ರಕ್ತ, ಸುಳ್ಳು ಹೆಸರು. ಎರಡೂ ಕೂಡಿಸಿ ಕಳಿಸಿದ್ದು ಅದಕ್ಕ. ನಾನ ಉಗುಳಿದ್ರ ಸಂಬಂಧ ಇಲ್ಲ ಅಂತ ಬರ್ತಿತ್ತು, ಆಕಿ ಮತ್ತ ಹುಡುಕ್ತಿದ್ಲು. ಈಗ ಮಗಳು ಸಿಕ್ಕಳು ಅಂತ ಬರ್ತಾಳ, ನನ್ನ ಕೈ ಹಿಡೀತಾಳ, ಅಳ್ತಾಳ, ಹೋಗ್ತಾಳ. ನಾನು ಇನ್ನೆಷ್ಟು ದಿನ. ಹುಡುಕೋದು ನನ್ನ ಸಂಗಡ ಮುಗೀತೈತಿ ಅಂದ್ಕೊಂಡಿದ್ದೆ.”

“ಹುಡುಕಿದ್ರ ಏನಾಕ್ಕೈತಿ?”

“ನನ್ನ ಹತ್ರ ಬಂದವರು ದೊರಿ ಎಲ್ಲಿ ಅಂತ ಕೇಳಿದ್ರ, ನನಗೇನು ಗೊತ್ತು ಅಂತೀನಿ. ಬಸಲಿಂಗಿ ಮನಿಗೆ ಬಂದವರು ಚೌಡಕ್ಕ ಯಾರು, ಏನು, ಎತ್ತ ಅಂತ ಕೇಳ್ತಾರ. ಆಕಿನ್ನ ಕಂಡವರು ಹೇಳ್ತಾರ. ಅಲ್ಲಿಂದ ದೊರಿ ತನಕ ದಾರಿ ಐತಿ.”

ಕೇಳಬಾರದು ಎಂದು ಸುಮಂಗಲಾಳ ಮನಸ್ಸು ಹೇಳಿತು. ಕೇಳದೆ ಬಿಟ್ಟು ಗೊತ್ತಿಲ್ಲದ ನಾಲಗೆ ಅವಳದು.

“ದೊರಿ ಊರು ಬಿಟ್ಟು ಹೋಗ್ಯಾನ ಅಂತಾರಲ್ಲ.”

“ಯಾರು ಅಂತಾರ?”

“ಊರೆಲ್ಲ.”

“ಊರಿಗೆ ಹೇಳಿದಾಕಿ ಯಾರು?”

ಪೀರ್ ಬೀ ಸುಮಂಗಲಾಳನ್ನೇ ನೋಡುತ್ತಿದ್ದಳು, ಆದರೆ ನೋಟ ಅವಳನ್ನು ದಾಟಿ ಎಲ್ಲೋ ಬಹಳ ಹಿಂದಕ್ಕೆ ಹೋಗಿತ್ತು. ದನಿ ಕೂಸಿಗೆ ಕತೆ ಹೇಳುವವರ ಹಾಗೆ ಮೆತ್ತಗಾಯಿತು.

“ಚೌಡಕ್ಕ. ಒಂದಿನ ಬೆಳಗಾಮುಂಜಾನಿ ಮಂಜು ಬಿದ್ದಿತ್ತು. ಯಂತ್ರ ನಿಂತಿತ್ತು. ಜನ ಕೂಡಿದ್ರು. ಚೌಡಕ್ಕ ಕೆರಿ ಕಡಿಂದ ಮಂಜಿನಾಗ ನಡಕೊಂತ ಬಂದ್ಲು. ದೊರಿ ಬಂಡಿ ಹತ್ತಿ ಹ್ವಾದ, ಇನ್ನ ಬರಂಗಿಲ್ಲ ಅಂದ್ಲು. ಅಳಲಿಲ್ಲ, ದನಿ ನಡುಗಲಿಲ್ಲ. ಎಲ್ಲಾರೂ ಆಕಿ ಮಾರಿ ನೋಡಿದ್ರು, ನಂಬಿದ್ರು. ನಾನು, ಬಸಲಿಂಗಿ ಅಲ್ಲೇ ಇದ್ವಿ. ಹಾಲುಹಲ್ಲು ಬೀಳೋ ವಯಸ್ಸು ನಮಗ. ನನ್ನ ಕಣ್ಣಿನ ಮಟ್ಟಕ್ಕ ಆಕಿ ಮಾರಿ ಇರಲಿಲ್ಲ.”

ಮುದುಕಿ ಒಂದು ಸೀತಾಫಲ ಎತ್ತಿಕೊಂಡಳು. ಒತ್ತಿ ನೋಡಿದಳು, ಮತ್ತೆ ಕೆಳಗಿಟ್ಟಳು.

“ಮಣ್ಣು ಹೊರಾಕಿ, ಯಾವತ್ತೂ ಸೀರಿ ಮೊಣಕಾಲಿಗೆ ಎತ್ತಿ ಕಟ್ಟಾಕಿ. ಆವತ್ತು ನೆಲಕ್ಕ ಎಳಿಯಂಗ ಉಟ್ಟಿದ್ಲು. ನಡಿಯೋವಾಗ ಒಂದು ಸಲ ಸೀರಿ ಮ್ಯಾಲ ಆತು.”

“ಏನು ಕಂಡೆ ಅಜ್ಜಿ?”

“ಆಕಿ ಕಾಲಾಗ ದೊರಿ ಬೂಟಿದ್ವು. ಎರಡೂ ತೊಯ್ದು ತೊಪ್ಪಿ ಆಗಿದ್ವು. ಬಸಲಿಂಗಿ ನನ್ನ ಬಾಯಿ ಮುಚ್ಚಿದ್ಲು.”